ದೇವರ ಪಾಲಿಗೆ ಬಂದದ್ದು

ಕ್ರಿ.ಪೂ. ಐದನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದ ಒಂದು ಸಾಲು ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಪರ್ಷಿಯನ್ನರು, ಅಂದರೆ ಈಗಿನ ಇರಾನಿನ ಹಳೆಯ ಜನ, ದೇವರಿಗೆ ಬಲಿ ಕೊಡುವುದು ಹೇಗೆ ಅಂತ ಅವನು ವಿವರಿಸುತ್ತಾನೆ. ಬಲಿಪೀಠ ಇಲ್ಲ, ಬೆಂಕಿ ಹೊತ್ತಿಸುವುದಿಲ್ಲ, ವೈನ್ ಎರೆಯುವುದಿಲ್ಲ, ಕೊಳಲಿಲ್ಲ, ಹಾರವಿಲ್ಲ, ಬಾರ್ಲಿ ಕಾಳು ಎರಚುವುದಿಲ್ಲ. ಬಲಿ ಕೊಡುವವನು ತಲೆಯ ಟೋಪಿಗೆ ಮಿರ್ಟಲ್ ಸೊಪ್ಪು ಸುತ್ತಿಕೊಂಡು, ಪ್ರಾಣಿಯನ್ನು ಒಂದು ಚೊಕ್ಕ ಜಾಗಕ್ಕೆ ಹೊಡೆದುಕೊಂಡು ಹೋಗಿ ದೇವರನ್ನು ಕರೆಯುತ್ತಾನೆ. ತನಗೊಬ್ಬನಿಗೇ ಒಳ್ಳೆಯದಾಗಲಿ ಅಂತ ಬೇಡುವ ಹಾಗಿಲ್ಲ. ಎಲ್ಲ ಪರ್ಷಿಯನ್ನರಿಗೂ ರಾಜನಿಗೂ ಒಳ್ಳೆಯದಾಗಲಿ ಅನ್ನಬೇಕು, ಆ ಎಲ್ಲರಲ್ಲಿ ಇವನೂ ಒಬ್ಬ. ಆಮೇಲೆ ಪ್ರಾಣಿಯನ್ನು ತುಂಡು ಮಾಡಿ, ಮಾಂಸ ಬೇಯಿಸಿ, ಎಳೆ ಹುಲ್ಲು ಹಾಸಿ ಅದರ ಮೇಲೆ ಹರಡುತ್ತಾನೆ. ಪಕ್ಕದಲ್ಲಿ ಒಬ್ಬ ಮಾಗಿ ಪುರೋಹಿತ ನಿಂತು ದೇವರುಗಳ ಹುಟ್ಟಿನ ಹಾಡು ಹೇಳುತ್ತಾನೆ. ಮಾಗಿ ಇಲ್ಲದೆ ಬಲಿ ಇಲ್ಲ. ಸ್ವಲ್ಪ ಹೊತ್ತು ಕಾದು, ಮಾಂಸ ಎತ್ತಿಕೊಂಡು ಹೋಗಿ ಅವನಿಗೆ ಏನು ಬೇಕೋ ಅದು ಮಾಡಿಕೊಳ್ಳುತ್ತಾನೆ.

ಆ ಕೊನೆಯ ಸಾಲೇ ನನ್ನನ್ನು ಬಿಡದೆ ಕಾಡಿದ್ದು. ಮಾಂಸ ಮನೆಗೆ ಹೋಯಿತು, ಸರಿ. ದೇವರಿಗೆ ಏನು ಸಿಕ್ಕಿತು?

ಹಳ್ಳಿಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ತಾನಾಗೇ ಬರುತ್ತದೆ. ನಮ್ಮೂರ ಮಾರಿಹಬ್ಬದಲ್ಲಿ ಹರಕೆ ಕುರಿಗೆ ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಬೇವಿನ ಸೊಪ್ಪು ಕಟ್ಟಿ, ಮೈಮೇಲೆ ನೀರು ಹಾಕುತ್ತಿದ್ದರು. ಕುರಿ ಮೈ ಒದರಬೇಕು. ಒದರಿದರೆ ಅಮ್ಮ ಒಪ್ಪಿದಳು ಅಂತ. ಒಂದು ವರ್ಷ ನಮ್ಮ ತಾತನ ಕುರಿ ಜಪ್ಪಯ್ಯ ಅಂದರೂ ಒದರಲಿಲ್ಲ. ಸುಮ್ನೆ ನಿಂತು ಎದುರಿಗಿದ್ದವರ ಮುಖ ನೋಡುತ್ತಿತ್ತು. ಇನ್ನೊಂದು ಚೆಂಬು ನೀರು ಬಂತು. "ಏನು ತಪ್ಪಾಗಿದೆಯೋ ಹೇಳವ್ವ ತಾಯಿ, ಹೊಟ್ಟೆಗೆ ಹಾಕ್ಕೋ" ಅಂತ ತಾತ ಕೈ ಮುಗಿದರು. ಚಿಕ್ಕಪ್ಪ ಯಾರಿಗೂ ಕಾಣದ ಹಾಗೆ ಅದರ ಕಿವಿಯೊಳಕ್ಕೇ ನೀರು ಬಿಟ್ಟರು. ಕುರಿ ಪಟಪಟ ತಲೆ ಒದರಿತು, ತಮಟೆ ಶುರುವಾಯಿತು. ಸಂಜೆಗೆ ಬಾಡು ಗುಡ್ಡೆ ಗುಡ್ಡೆಯಾಗಿ ಪಾಲಾಗಿ, ತಲೆ ಪೂಜಾರಿಯ ಮನೆಗೆ ಹೋಗಿ, ಮಿಕ್ಕಿದ್ದು ನೆಂಟರ ಎಲೆಗೆ ಬಂದಿತ್ತು. ಎಡೆ ಇಟ್ಟಿದ್ದನ್ನೂ ನಾವೇ ತಿಂದೆವು.

ಎಷ್ಟೋ ವರ್ಷದ ಮೇಲೆ ಪ್ರಾಚೀನ ಗ್ರೀಕರ ಬಲಿಯ ವಿವರ ಓದುವಾಗ ಇದೇ ಕುರಿ ಎದುರಿಗೆ ಬಂದು ನಿಂತಿತು. ಅವರೂ ಪ್ರಾಣಿಯ ಮೇಲೆ ನೀರು ಚಿಮುಕಿಸುತ್ತಿದ್ದರು, ಅದು ತಲೆ ಅಲ್ಲಾಡಿಸಬೇಕಿತ್ತು. ಒಪ್ಪಿಗೆ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಹಾಗೇನಿಲ್ಲ, ಪ್ರಾಣಿ ಚುರುಕಾಗಿದೆ, ರೋಗವಿಲ್ಲ ಅಂತ ತೋರಿಸಲಿಕ್ಕೆ ಅಷ್ಟೇ ಅಂತ ಇನ್ನು ಕೆಲವರು ವಾದ ಮಾಡುತ್ತಾರೆ. ಚಿಕ್ಕಪ್ಪನನ್ನು ಕೇಳಿದ್ದರೆ ಎರಡೂ ಹೌದು ಅನ್ನುತ್ತಿದ್ದರೇನೋ.

ಎಲುಬು ಮೇಲಕ್ಕೆ, ಬಾಡು ಕೆಳಕ್ಕೆ

ಶಾಲೆಯಲ್ಲಿ ಕಲಿತ ಲೆಕ್ಕ ಎಲ್ಲರಿಗೂ ಗೊತ್ತು. ಗ್ರೀಕರಿಗೆ ಹಲವು ದೇವರು, ಮೂರ್ತಿ, ಗುಡಿ. ಪರ್ಷಿಯನ್ನರಿಗೆ ಒಬ್ಬನೇ ದೇವರು, ಮೂರ್ತಿ ಇಲ್ಲ, ಬೆಂಕಿ ಪೂಜೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಎಷ್ಟು ದೇವರು ಅಂತ ಎಣಿಸುತ್ತಾ ಕೂತರೆ ಇಬ್ಬರೂ ಕೈಯಲ್ಲಿ ಏನು ಮಾಡುತ್ತಿದ್ದರು ಅನ್ನೋದು ಕಾಣೋದೇ ಇಲ್ಲ. ನನಗೆ ಅನ್ನಿಸುವ ಮಟ್ಟಿಗೆ ನಿಜವಾದ ವ್ಯತ್ಯಾಸ ಇರೋದು ಬೆಂಕಿಯ ಹತ್ತಿರ. ಬೆಂಕಿಗೆ ಏನು ಹಾಕಬಹುದು, ಏನು ಹಾಕಬಾರದು, ಅದು ಯಾರ ಕೆಲಸಕ್ಕೆ ಉರಿಯುತ್ತಿದೆ ಅನ್ನೋದರಲ್ಲಿ.

ಗ್ರೀಕರ ಬಲಿ ಅಂದರೆ ದೊಡ್ಡ ಗದ್ದಲ. ಮೆರವಣಿಗೆ ಬರುತ್ತದೆ. ಮದುವೆಯಾಗದ ಹುಡುಗಿಯೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತಿರುತ್ತಾಳೆ. ಬುಟ್ಟಿಯಲ್ಲಿ ಬಾರ್ಲಿ ಕಾಳು, ಕಾಳಿನ ಅಡಿಯಲ್ಲಿ ಕತ್ತಿ. ಎಲ್ಲರೂ ಕೈ ತೊಳೆದು ಕಾಳು ಎರಚುತ್ತಾರೆ. ಪ್ರಾಣಿಯ ಹಣೆಯ ಕೂದಲು ಒಂದಿಷ್ಟು ಕತ್ತರಿಸಿ ಬೆಂಕಿಗೆ ಹಾಕುತ್ತಾರೆ. ಕತ್ತಿ ಬೀಳುವ ಹೊತ್ತಿಗೆ ಹೆಂಗಸರು ಕೀರಲು ದನಿಯಲ್ಲಿ ಕೂಗು ಹಾಕುತ್ತಾರೆ. ರಕ್ತ ಬಲಿಪೀಠಕ್ಕೆ ತಾಕಬೇಕು. ಅಥೆನ್ಸಿನ ಮಡಕೆಗಳ ಮೇಲಿನ ಚಿತ್ರಗಳಲ್ಲಿ ಪೀಠದ ಬದಿಗೆ ಇಳಿದ ರಕ್ತದ ಗೆರೆಗಳನ್ನು ಬೇಕು ಅಂತಲೇ ಬರೆದಿದ್ದಾರೆ. ಅದನ್ನು ತೊಳೆದು ಚೊಕ್ಕ ಮಾಡಬೇಕು ಅಂತ ಅವರಿಗೆ ಅನ್ನಿಸಿಲ್ಲ. ಕಲೆ ಜಾಸ್ತಿ ಇದ್ದಷ್ಟೂ ಅಲ್ಲಿ ದೇವರಿಗೆ ಚೆನ್ನಾಗಿ ನಡೆಯುತ್ತಿದೆ ಅಂತ ಅರ್ಥ. ಅಂದ ಹಾಗೆ, ಈ ಪೀಠ ಇರುತ್ತಿದ್ದುದು ಗುಡಿಯ ಹೊರಗೆ, ಬಯಲಲ್ಲಿ. ಒಳಗೆ ಮೂರ್ತಿ, ಹೊರಗೆ ಹೊಗೆ.

ಆಮೇಲೆ ಪಾಲು. ತೊಡೆಯ ಎಲುಬುಗಳನ್ನು ಕೊಬ್ಬಿನಲ್ಲಿ ಸುತ್ತಿ ಬೆಂಕಿಗೆ ಹಾಕುತ್ತಾರೆ, ಅದು ದೇವರದ್ದು. ಈಲಿ, ಗುಂಡಿಗೆಯನ್ನು ಕಂಬಿಗೆ ಚುಚ್ಚಿ ಸುಟ್ಟು ಹತ್ತಿರದವರು ಮೊದಲು ತಿನ್ನುತ್ತಾರೆ. ಮಿಕ್ಕ ಮಾಂಸ ಬೇಯಿಸಿ ಊರವರು ಹಂಚಿಕೊಳ್ಳುತ್ತಾರೆ. ಪೂಜಾರಿಗೂ ಪಾಲಿದೆ. ಅಥೆನ್ಸಿನ ದೇವತೆ ಅಥೆನಾ ನೈಕಿಯ ಪೂಜಾರಿಣಿಗೆ ವರ್ಷಕ್ಕೆ 50 ದ್ರಾಕ್ಮಾ ಸಂಬಳ, ಜೊತೆಗೆ ಊರಿನ ಬಲಿಗಳ ಕಾಲು ಮತ್ತು ಚರ್ಮ ಅಂತ ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಬಲಿ ದನಗಳ ಚರ್ಮ ಮಾರಿ ಬಂದ ದುಡ್ಡಿನ ಲೆಕ್ಕವನ್ನೂ ಅಥೆನ್ಸ್ ಸರ್ಕಾರ ಹಾಗೆಯೇ ಕೆತ್ತಿಸಿದೆ. ಭಕ್ತಿ ಒಂದು ಕಡೆ, ವ್ಯವಹಾರ ಒಂದು ಕಡೆ ಅಂತ ಅವರಿಗೆ ಇರಲೇ ಇಲ್ಲ.

ದೇವರಿಗೆ ಬರೀ ಎಲುಬು ಯಾಕೆ ಅಂತ ಗ್ರೀಕರಿಗೂ ಅನ್ನಿಸಿತ್ತು. ಅದಕ್ಕೆ ಹಳೆಯ ಗ್ರೀಕ್ ಕವಿ ಹೆಸಿಯಾಡ್ ಒಂದು ಕತೆ ಹೇಳುತ್ತಾನೆ. ದೇವರೂ ಮನುಷ್ಯರೂ ಮೆಕೋನೆ ಅನ್ನೋ ಜಾಗದಲ್ಲಿ ಪಾಲು ಮಾಡಿಕೊಳ್ಳಲು ಕೂತಾಗ ಪ್ರೊಮೀಥಿಯಸ್ ಒಂದು ಎತ್ತನ್ನು ಎರಡು ಗುಡ್ಡೆ ಮಾಡಿದ. ಒಳ್ಳೆಯ ಮಾಂಸವನ್ನೆಲ್ಲ ಹೊಟ್ಟೆಯ ಚೀಲದಲ್ಲಿ ಮುಚ್ಚಿ ಅಸಹ್ಯ ಕಾಣುವ ಹಾಗೆ ಇಟ್ಟ. ಬರೀ ಎಲುಬಿನ ಮೇಲೆ ಹೊಳೆಯುವ ಕೊಬ್ಬು ಹೊದಿಸಿದ. ಆರಿಸಿಕೋ ಅಂದ. ದೇವರುಗಳ ರಾಜ ಝ್ಯೂಸ್‌ಗೆ ಮೋಸ ಗೊತ್ತಾಯಿತು, ಆದರೂ ಕೊಬ್ಬಿನ ಗುಡ್ಡೆಯನ್ನೇ ಎತ್ತಿಕೊಂಡ. ಸಿಟ್ಟಿಗೆ ಮನುಷ್ಯರಿಂದ ಬೆಂಕಿ ಕಿತ್ತುಕೊಂಡ. ಪ್ರೊಮೀಥಿಯಸ್ ಅದನ್ನು ಒಂದು ಟೊಳ್ಳು ಕಾಂಡದಲ್ಲಿ ಬಚ್ಚಿಟ್ಟು ಕದ್ದು ತಂದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಲಿಯ ಪಾಲಿನ ಜಗಳವೇ ಬೆಂಕಿಯ ಕತೆಗೂ ಮೂಲ. ಗ್ರೀಕರ ಒಲೆಯಲ್ಲಿ ಉರಿಯೋದು ಕದ್ದ ಮಾಲು! ಕದ್ದು ತಂದದ್ದಕ್ಕೆ ಯಾರೂ ಹೆದರಿ ದೂರ ನಿಲ್ಲೋದಿಲ್ಲ, ಕೆಲಸಕ್ಕೆ ಹಚ್ಚುತ್ತಾರೆ. ಅದು ಅಡುಗೆ ಮಾಡುತ್ತದೆ, ಹೊಗೆಯನ್ನು ಮೇಲಕ್ಕೆ ಮುಟ್ಟಿಸುತ್ತದೆ. ಒಲಿಂಪಿಯಾದಲ್ಲಿ ಝ್ಯೂಸ್‌ನ ಬಲಿಪೀಠ ಕಲ್ಲಿನದ್ದಲ್ಲ, ಬಲಿ ಕೊಟ್ಟ ತೊಡೆಗಳ ಬೂದಿಯ ಗುಡ್ಡ. ಗ್ರೀಕ್ ಪ್ರವಾಸಿ ಲೇಖಕ ಪಾಸನಿಯಸ್ ನೋಡುವ ಹೊತ್ತಿಗೆ ಅದು 22 ಅಡಿ ಎತ್ತರ ಬೆಳೆದಿತ್ತು. ವರ್ಷಕ್ಕೊಮ್ಮೆ ಬೂದಿಯನ್ನು ಆಲ್ಫಿಯಸ್ ನದಿಯ ನೀರಿನಲ್ಲೇ ಕಲಸಿ ಮೆತ್ತುತ್ತಿದ್ದರಂತೆ. ಸತ್ತ ಪ್ರಾಣಿಯ ಬೂದಿ, ಹೊಳೆ ನೀರು, ಎರಡೂ ಸೇರಿ ದೇವರ ಪೀಠ. ಇದನ್ನು ಒಬ್ಬ ಮಾಗಿ ಪುರೋಹಿತ ನೋಡಿದ್ದರೆ ಅವನ ಮುಖ ಹೇಗಾಗುತ್ತಿತ್ತು ಅಂತ ನಾನು ಆಗಾಗ ಊಹಿಸಿಕೊಳ್ಳುತ್ತೇನೆ.

ಉಸಿರು ತಾಕಬಾರದು

ಈಗ ಹೆರೊಡೊಟಸ್‌ನ ಪ್ರಶ್ನೆಗೆ ವಾಪಸ್ ಬರೋಣ. ದೇವರಿಗೆ ಏನು ಸಿಕ್ಕಿತು? ಉತ್ತರ ಸಿಗೋದು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಹತ್ತಿರ. ಅವನು ಬರೆದದ್ದು ಹೆರೊಡೊಟಸ್ ಆದ ಸುಮಾರು ನಾನೂರು ವರ್ಷಕ್ಕೆ. ಪರ್ಷಿಯನ್ನರ ಪ್ರಕಾರ ದೇವರಿಗೆ ಬೇಕಾದದ್ದು ಪ್ರಾಣಿಯ ಪ್ರಾಣ, ಇನ್ನೇನೂ ಬೇಡ. ಅದಕ್ಕೇ ಮಾಂಸವನ್ನೆಲ್ಲ ಜನರೇ ಹಂಚಿಕೊಂಡು ಹೋಗುತ್ತಾರೆ ಅಂತಾನೆ. ಅಂದರೆ ಪಾಲು ಅನ್ನೋ ಮಾತೇ ಅಲ್ಲಿ ಬರೋದಿಲ್ಲ. ಮೋಸದ ಗುಡ್ಡೆಯೂ ಬೇಡ, ಜಗಳವೂ ಬೇಡ.

ಹೆರೊಡೊಟಸ್ ಬೆಂಕಿ ಹೊತ್ತಿಸುವುದಿಲ್ಲ ಅಂತ ಹೇಳಿ ಎರಡು ಸಾಲು ದಾಟುವುದರೊಳಗೆ ಮಾಂಸ ಬೇಯಿಸುತ್ತಾನೆ. ಮೊದಲ ಸಲ ಓದಿದಾಗ ನಗು ಬರುತ್ತದೆ. ಆದರೆ ಅವನು ಹೇಳುತ್ತಿರೋದು ಬಲಿಪೀಠದ ಬೆಂಕಿಯ ಮಾತು. ಅಡುಗೆ ಬೆಂಕಿ ಬೇರೆ, ದೇವರ ಬೆಂಕಿ ಬೇರೆ. ಗ್ರೀಕರಿಗೆ ಎರಡೂ ಒಂದೇ ಒಲೆ.

ಬೆಂಕಿಯ ವಿಷಯದಲ್ಲಿ ಪರ್ಷಿಯನ್ನರ ಕಟ್ಟುನಿಟ್ಟನ್ನು ಸ್ಟ್ರಾಬೋ ಹೀಗೆ ಹೇಳುತ್ತಾನೆ: ತೊಗಟೆ ಸುಲಿದ ಒಣ ಸೌದೆ ಇಟ್ಟು, ಮೇಲೆ ಕೊಬ್ಬು ಹಾಕಿ ಹೊತ್ತಿಸುತ್ತಾರೆ. ಬಾಯಿಂದ ಊದುವ ಹಾಗಿಲ್ಲ, ಬೀಸಣಿಗೆಯಿಂದ ಗಾಳಿ ಹಾಕಬೇಕು. ಯಾರಾದರೂ ಊದಿದರೆ, ಸತ್ತದ್ದನ್ನೋ ಸಗಣಿಯನ್ನೋ ಬೆಂಕಿಗೆ ಹಾಕಿದರೆ, ಅವರಿಗೆ ಮರಣದಂಡನೆ. ಕಪಡೋಕಿಯಾದಲ್ಲಿ, ಅಂದರೆ ಈಗಿನ ಟರ್ಕಿಯಲ್ಲಿ, ಅವನು ಖುದ್ದು ನೋಡಿದ ಅಗ್ನಿಗುಡಿಗಳ ವಿವರ ಇನ್ನೂ ಹತ್ತಿರದ್ದು. ನಡುವೆ ಪೀಠ, ಅದರ ಮೇಲೆ ರಾಶಿ ಬೂದಿ, ಆರದ ಬೆಂಕಿ. ಮಾಗಿಗಳು ದಿನಾ ಒಳಗೆ ಹೋಗಿ, ಕೈಯಲ್ಲಿ ಕಡ್ಡಿಗಳ ಕಟ್ಟು ಹಿಡಿದು, ಸುಮಾರು ಒಂದು ಗಂಟೆ ಮಂತ್ರ ಹೇಳುತ್ತಾರೆ. ತಲೆಗೆ ಉಣ್ಣೆಯ ಎತ್ತರದ ಟೋಪಿ. ಅದರ ಕಿವಿಪಟ್ಟಿ ಎರಡೂ ಕಡೆಯಿಂದ ಕೆನ್ನೆಗೆ ಇಳಿದು ತುಟಿಯನ್ನು ಮುಚ್ಚಿರುತ್ತದೆ.

ತುಟಿ ಮುಚ್ಚಿದ ಆ ಬಟ್ಟೆ ಇವತ್ತೂ ಇದೆ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿಮಂದಿರ ಇದೆ. ಒಮ್ಮೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನ ಜೊತೆ ಅಲ್ಲಿಗೆ ಹೋಗಿದ್ದೆ. ಪಾರ್ಸಿಗಳಲ್ಲದವರು ಒಳಗೆ ಹೋಗುವ ಹಾಗಿಲ್ಲ, ಹಾಗಾಗಿ ನಾನು ಹೊರಗೆ. ಅವನು ಜೇಬಿನಿಂದ ಕಾಗದದಲ್ಲಿ ಸುತ್ತಿದ ಗಂಧದ ಚಕ್ಕೆ ತೆಗೆದು ನನ್ನ ಮೂಗಿಗೆ ಹಿಡಿದ. "ನಿಮ್ಮ ಕಡೆಯ ಗಂಧ ಕಣೋ. ಇದು ಒಳಗೆ ಹೋಗುತ್ತೆ, ನೀನು ಹೋಗೋ ಹಾಗಿಲ್ಲ" ಅಂತ ನಕ್ಕ. ಕೈ ಮುಖ ತೊಳೆದು, ಸೊಂಟದ ದಾರವನ್ನು ಬಿಚ್ಚಿ ಮಂತ್ರ ಹೇಳುತ್ತಾ ಮತ್ತೆ ಕಟ್ಟಿಕೊಂಡು ಒಳಗೆ ಹೋದ. ವಾಪಸ್ ಬಂದಾಗ ಹಣೆಯಲ್ಲಿ ಒಂದು ಚಿಟಿಕೆ ಬೂದಿ ಇತ್ತು. ಗಂಧವನ್ನು ನೀನೇ ಬೆಂಕಿಗೆ ಹಾಕಿದೆಯಾ ಅಂತ ಕೇಳಿದೆ. "ಏ, ನಾವು ಅಷ್ಟು ಹತ್ತಿರ ಹೋಗೋ ಹಾಗಿಲ್ಲ. ತಟ್ಟೆಯಲ್ಲಿ ಇಟ್ಟು ಬರೋದು. ಪುರೋಹಿತರು ಬಾಯಿಗೆ ಬಟ್ಟೆ ಕಟ್ಕೊಂಡು ಹಾಕ್ತಾರೆ" ಅಂದ. ದಿನಕ್ಕೆ ಐದು ಸಲ ಬೆಂಕಿಗೆ ಹೀಗೆ ಗಂಧ ಉಣಿಸಿ ಗಂಟೆ ಬಾರಿಸುತ್ತಾರೆ. ಹಣೆಯ ಬೂದಿ ಬರೀ ಗಂಧದ್ದು, ಸೌದೆಯದ್ದು. ಒಲಿಂಪಿಯಾದ ಬೂದಿಗುಡ್ಡಕ್ಕೂ ಈ ಚಿಟಿಕೆಗೂ ಇರುವ ದೂರ ಅಲ್ಲೇ ಇದೆ ಅಂತ ಆಮೇಲೆ ಅನ್ನಿಸಿತು.

ಇವತ್ತಿನ ಪಾರ್ಸಿಗಳ ಆಚರಣೆಯನ್ನು ಹಿಡಿದು ಪರ್ಷಿಯಾದ ರಾಜ ಡೇರಿಯಸ್‌ನ ಕಾಲವನ್ನು ಅಳೆಯಬಾರದು, ನಡುವೆ ಎರಡೂವರೆ ಸಾವಿರ ವರ್ಷ ಇದೆ. ಆದರೂ ಒಂದು ವಿಷಯ ಹೇಳದೆ ಇರಲಾರೆ. ಗುಜರಾತಿನ ಉದ್ವಾಡದಲ್ಲಿ ಇರುವಂಥ ಅತಿ ದೊಡ್ಡ ದರ್ಜೆಯ ಬೆಂಕಿಯನ್ನು ಹದಿನಾರು ಬಗೆಯ ಬೆಂಕಿ ಸೇರಿಸಿ ಮಾಡುತ್ತಾರೆ. ಕುಂಬಾರನ ಬೆಂಕಿ, ಅಕ್ಕಸಾಲಿಗನ ಬೆಂಕಿ, ಸಿಡಿಲಿನ ಬೆಂಕಿ. ಜೊತೆಗೆ ಹೆಣ ಸುಟ್ಟ ಚಿತೆಯ ಬೆಂಕಿಯೂ ಬೇಕು. ಚಿತೆಯ ಬೆಂಕಿಯನ್ನು ಮುಟ್ಟದೆ, ತೂತಿರುವ ಸೌಟಿನಲ್ಲಿ ಗಂಧದ ಪುಡಿ ಇಟ್ಟು ಮೇಲಿನಿಂದ ಹಿಡಿಯುತ್ತಾರೆ. ಕಾವಿಗೆ ಅದು ತಾನೇ ಹೊತ್ತಿಕೊಳ್ಳಬೇಕು. ಆ ಹೊಸ ಬೆಂಕಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಹೀಗೆ 91 ಸಲ. ಅಲ್ಲಿ ಸತ್ತ ಮನುಷ್ಯನಿಗಿಂತ ಅವನನ್ನು ಸುಡಬೇಕಾಗಿ ಬಂದ ಬೆಂಕಿಯ ಮೇಲೆ ಕನಿಕರ ಜಾಸ್ತಿ. ಅದನ್ನು ಆ ಗತಿಯಿಂದ ಬಿಡಿಸಿ ತರುವ ಕೆಲಸ ಅದು.

ಹುಲ್ಲಿನ ಮೇಲಿನ ಮಾಂಸ ಯಾರ ಹೆಸರಿಗೆ

ಪರ್ಷಿಯನ್ನರ ಬಗ್ಗೆ ನಮಗೆ ಗೊತ್ತಿರೋದು ಬಹಳಷ್ಟು ಗ್ರೀಕರ ಬಾಯಿಂದ. ಎದುರು ಪಕ್ಷದವರ ಸಾಕ್ಷಿ. ಹೆರೊಡೊಟಸ್ ಪರ್ಷಿಯನ್ ಆಳ್ವಿಕೆಯ ಹ್ಯಾಲಿಕಾರ್ನಾಸಸ್‌ನಲ್ಲೇ ಹುಟ್ಟಿದವನು, ಕಿವಿ ಚುರುಕು, ಆದರೂ ಮಿತ್ರ ಅನ್ನೋ ದೇವರನ್ನು ಹೆಣ್ಣು ಮಾಡಿ ಬರೆದಿಟ್ಟಿದ್ದಾನೆ. ಗ್ರೀಕರ ಪೂಜೆ ಹೀಗಿತ್ತು ಅಂತ ಪರ್ಷಿಯನ್ನರು ಬರೆದದ್ದು ಒಂದು ಹಾಳೆಯೂ ಇಲ್ಲ. ಆದರೆ ಗ್ರೀಕರ ಊಟದ ಮೇಲೆ ಅವರು ಆಡಿಕೊಳ್ಳುತ್ತಿದ್ದ ಮಾತು ಇದೇ ಹೆರೊಡೊಟಸ್‌ನಲ್ಲಿದೆ. ಪರ್ಷಿಯನ್ನರಿಗೆ ಹುಟ್ಟಿದ ಹಬ್ಬ ಅಂದರೆ ವರ್ಷದ ದೊಡ್ಡ ದಿನ. ಸಾಹುಕಾರರು ಎತ್ತನ್ನೋ ಒಂಟೆಯನ್ನೋ ಇಡಿಯಾಗಿ ಸುಟ್ಟು ಬಡಿಸುತ್ತಿದ್ದರು. ಊಟಕ್ಕಿಂತ ಆಮೇಲಿನ ಸಿಹಿ ತಿಂಡಿಗಳೇ ಹೆಚ್ಚು, ಅದೂ ಒಂದಾದ ಮೇಲೊಂದು. ಗ್ರೀಕರಿಗೆ ಊಟದ ಮೇಲೆ ಒಳ್ಳೆಯದೇನೂ ಬಡಿಸೋದಿಲ್ಲ, ಅದಕ್ಕೇ ಪಾಪ ಹಸಿವಿನಲ್ಲೇ ಎದ್ದು ಹೋಗುತ್ತಾರೆ ಅನ್ನುತ್ತಿದ್ದರಂತೆ.

ಪರ್ಷಿಯನ್ನರು ತಮ್ಮ ಕೈಯಿಂದಲೇ ಬಿಟ್ಟುಹೋದದ್ದು ಅಂದರೆ ರಾಜರ ಶಾಸನಗಳು, ಮತ್ತೆ ಉಗ್ರಾಣದ ಲೆಕ್ಕ. 1933ರಲ್ಲಿ ಪರ್ಷಿಯನ್ನರ ರಾಜಧಾನಿ ಪರ್ಸೆಪೊಲಿಸ್‌ನ ಕೋಟೆಯ ಭಾಗದಲ್ಲಿ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಡೇರಿಯಸ್‌ನ ಕಾಲದ್ದು, ಕ್ರಿ.ಪೂ. 509ರಿಂದ 493ರವರೆಗಿನವು, ಹೆಚ್ಚಿನವು ಎಲಾಮೈಟ್ ಅನ್ನೋ ಅಲ್ಲಿನ ಹಳೆಯ ಭಾಷೆಯಲ್ಲಿವೆ. ಯಾವ ಪುರೋಹಿತನಿಗೆ ಯಾವ ದೇವರ ಹೆಸರಿನಲ್ಲಿ ಎಷ್ಟು ಧಾನ್ಯ, ಎಷ್ಟು ವೈನ್ ಅಂತ ಅದರಲ್ಲಿದೆ. ಶಾಸನಗಳಲ್ಲಿ ಡೇರಿಯಸ್ ಉಸಿರಿಗೊಮ್ಮೆ ಪರ್ಷಿಯನ್ನರ ದೊಡ್ಡ ದೇವರು ಅಹುರ ಮಜ್ದಾನ ಹೆಸರು ಹೇಳುತ್ತಾನೆ. ಲೆಕ್ಕದ ಹಲಗೆಗಳಲ್ಲಿ ಅಹುರ ಮಜ್ದಾನಿಗಿಂತ ಹುಂಬನ್ ಅನ್ನೋ ಹಳೆಯ ಎಲಾಮೈಟ್ ದೇವರ ಹೆಸರೇ ಹೆಚ್ಚು ಸಲ ಬರುತ್ತದೆ. ಮೆಸೊಪೊಟೇಮಿಯಾದ ಅದಾದ್‌ಗೂ ಪಾಲಿದೆ. ನದಿಗಳಿಗೆ, ಬೆಟ್ಟಗಳಿಗೆ ಹೆಸರು ಹಿಡಿದು ಪಡಿ ಕೊಟ್ಟಿದ್ದಾರೆ. ಒಬ್ಬನೇ ದೇವರು ಅನ್ನೋ ಶಾಲೆಯ ಪಾಠ ಈ ಉಗ್ರಾಣದ ಬಾಗಿಲಲ್ಲೇ ಕುಸಿದು ಬೀಳುತ್ತದೆ, ಅಲ್ವಾ?

ಮೂರ್ತಿ ಇಲ್ಲ ಅನ್ನೋದೂ ಅಷ್ಟೇ. ಪರ್ಸೆಪೊಲಿಸ್ ಹತ್ತಿರದ ನಕ್ಷ್-ಎ-ರುಸ್ತಮ್‌ನಲ್ಲಿ ಡೇರಿಯಸ್‌ನ ಗೋರಿಯ ಮೇಲಿನ ಕೆತ್ತನೆಯಲ್ಲಿ ರಾಜ ಬಿಲ್ಲು ಹಿಡಿದು ಬೆಂಕಿಯ ಎದುರು ನಿಂತಿದ್ದಾನೆ, ಮೇಲೆ ರೆಕ್ಕೆಯ ಚಕ್ರದಲ್ಲಿ ಒಂದು ಆಕೃತಿ. ಅದು ದೇವರೋ ಬೇರೇನೋ ಅಂತ ಇವತ್ತಿಗೂ ಜಗಳ. ಮುಂದೆ ಎರಡನೇ ಅರ್ತಕ್ಸರ್ಕ್ಸಸ್ ರಾಜನಾಗಿ ಬಂದ ಮೇಲೆ ಶಾಸನಗಳಲ್ಲಿ ಅನಾಹಿತಾ ಅನ್ನೋ ದೇವತೆ, ಮಿತ್ರ ಇಬ್ಬರೂ ಅಹುರ ಮಜ್ದಾನ ಜೊತೆ ಕೂತರು. ಅನಾಹಿತಾಳ ಮೂರ್ತಿಗಳನ್ನು ಬ್ಯಾಬಿಲೋನ್, ಸೂಸಾ ಮುಂತಾದ ಕಡೆ ನಿಲ್ಲಿಸಿದ್ದೂ ಇವನೇ ಅಂತ ಬ್ಯಾಬಿಲೋನಿನ ಪುರೋಹಿತ ಬೆರೋಸಸ್ ಬರೆದಿದ್ದಾನೆ. ಇತ್ತ ಪರ್ಷಿಯನ್ ಸಾಮ್ರಾಜ್ಯ ಕಟ್ಟಿದ ಸೈರಸ್‌ನ ಗೋರಿ ಕಾಯುತ್ತಿದ್ದ ಮಾಗಿಗಳಿಗೆ ದಿನಕ್ಕೊಂದು ಕುರಿ, ಹಿಟ್ಟು, ವೈನ್, ತಿಂಗಳಿಗೊಂದು ಕುದುರೆ ಅರಮನೆಯಿಂದ ಬರುತ್ತಿತ್ತು. ಕುದುರೆ ಬಲಿಗೆ, ಸತ್ತ ರಾಜನ ಹೆಸರಿಗೆ.

ಹಾಗಂತ ಇಬ್ಬರದೂ ಒಂದೇ ಅಂತ ತಳ್ಳಿಹಾಕುವ ಹಾಗೂ ಇಲ್ಲ. ದೇವರ ಪಟ್ಟಿ ಬದಲಾಗುತ್ತಾ ಬಂತು, ಮೂರ್ತಿ ಬಂದವು. ಆದರೆ ಬೆಂಕಿಗೂ ನೀರಿಗೂ ಹೊಲಸು ತಾಕಬಾರದು ಅನ್ನೋ ಹಟ ಬಿಡಲಿಲ್ಲ. ಪರ್ಷಿಯನ್ನರು ಹೊಳೆಯಲ್ಲಿ ಉಚ್ಚೆ ಹೊಯ್ಯುವುದಿಲ್ಲ, ಉಗುಳುವುದಿಲ್ಲ, ಕೈ ಕೂಡ ತೊಳೆಯುವುದಿಲ್ಲ ಅಂತ ಹೆರೊಡೊಟಸ್ ಬರೆದದ್ದನ್ನೇ ಸ್ಟ್ರಾಬೋ ಬೇರೆ ಮಾತಿನಲ್ಲಿ ಹೇಳುತ್ತಾನೆ. ನೀರಿಗೆ ಬಲಿ ಕೊಡುವಾಗಲೂ ದಡದಲ್ಲಿ ಗುಂಡಿ ತೋಡಿ ಅದರಲ್ಲಿ ಕೊಲ್ಲುತ್ತಾರೆ, ಒಂದು ತೊಟ್ಟು ರಕ್ತ ಹೊಳೆಗೆ ಬೀಳಬಾರದು. ಗ್ರೀಕರಿಗೂ ಮಡಿಮೈಲಿಗೆ ಇತ್ತು. ಸಾವಿನ ಮನೆಯ ಬಾಗಿಲಲ್ಲಿ ನೀರಿನ ಪಾತ್ರೆ ಇಡುತ್ತಿದ್ದರು, ಹೊರಗೆ ಬರುವವರು ಚಿಮುಕಿಸಿಕೊಳ್ಳಲಿ ಅಂತ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಅಪೊಲೋ ದೇವರ ಪವಿತ್ರ ಡೆಲೋಸ್ ದ್ವೀಪದ ಗೋರಿಗಳನ್ನೆಲ್ಲ ಅಗೆದು ಸಾಗಿಸಿ, ಇನ್ನು ಮೇಲೆ ಇಲ್ಲಿ ಯಾರೂ ಹುಟ್ಟಬಾರದು, ಸಾಯಬಾರದು ಅಂತ ಕಟ್ಟಳೆ ಮಾಡಿದರು. ಆದರೆ ಅಲ್ಲಿ ಮೈಲಿಗೆ ತಾಕೋದು ಮನುಷ್ಯನಿಗೆ, ದೇವರ ಜಾಗಕ್ಕೆ. ನೀರು ತೊಳೆಯೋದಕ್ಕೆ ಇರೋದು, ಬೆಂಕಿ ಸುಡೋದಕ್ಕೆ. ಮಾಗಿಯ ಕಣ್ಣಿನಲ್ಲಿ ಮೈಲಿಗೆಯಾಗೋದು ಆ ನೀರೇ, ಆ ಬೆಂಕಿಯೇ.

ಹೆಣದ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಮಾಗಿಗಳ ಹೆಣವನ್ನು ಹಕ್ಕಿಯೋ ನಾಯಿಯೋ ಎಳೆದಾಡುವವರೆಗೆ ಹೂಳುವುದಿಲ್ಲ ಅಂತ ಹೆರೊಡೊಟಸ್ ಹೇಳುತ್ತಾನೆ. ಹೆಣ ನಾಯಿ ಪಾಲಾಗೋದು ಗ್ರೀಕರಿಗೆ ಶತ್ರುವಿಗೆ ಹಾಕುವ ಶಾಪ. ಇವರಿಗೆ ಹೆಣ ಸುಡೋದು ಘೋರ. ಡೇರಿಯಸ್ ತನ್ನ ಆಸ್ಥಾನದ ಗ್ರೀಕರನ್ನು ಕರೆದು, ಎಷ್ಟು ದುಡ್ಡು ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ ಅಂತ ಕೇಳಿದನಂತೆ. ಏನು ಕೊಟ್ಟರೂ ಇಲ್ಲ ಅಂದರು. ಹೆತ್ತವರನ್ನು ತಿನ್ನುವ ಕಲ್ಲತಿಯರು ಅನ್ನೋ ಭಾರತದ ಜನರನ್ನು ಕರೆಸಿ, ಎಷ್ಟು ಕೊಟ್ಟರೆ ಅಪ್ಪನನ್ನು ಸುಡುತ್ತೀರಿ ಅಂತ ಕೇಳಿದ. ಅಂಥ ಮಾತು ಆಡಬೇಡ ಅಂತ ಅವರು ಕಿರುಚಿಕೊಂಡರು. ಈ ಕತೆ ಹೇಳುವಾಗ ಎಲ್ಲರೂ ಮರೆಯುವ ಒಂದು ವಿಷಯ ಇದೆ. ಕೇಳುತ್ತಿದ್ದ ರಾಜನಿಗೆ ಎರಡೂ ಅಸಹ್ಯವೇ.

ಸುಟ್ಟವನೇ ಪೂಜೆ ಮಾಡಿಸಿದ

ಕ್ರಿ.ಪೂ. 480ರಲ್ಲಿ ಡೇರಿಯಸ್‌ನ ಮಗ ಕ್ಸರ್ಕ್ಸಸ್ ಗ್ರೀಸಿನ ಮೇಲೆ ದಂಡೆತ್ತಿ ಹೋದ ದಾರಿಯುದ್ದಕ್ಕೂ ಈ ಎರಡು ರೀತಿಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಟ್ರಾಯ್‌ನಲ್ಲಿ ಅವನು ಅಥೆನಾಳಿಗೆ ಸಾವಿರ ಎತ್ತು ಬಲಿ ಕೊಡಿಸಿದ, ಮಾಗಿಗಳು ಅಲ್ಲಿನ ಸತ್ತ ವೀರರಿಗೆ ಪಾನ ಎರೆದರು. ಪರ್ಷಿಯನ್ನರು ಪಾನ ಎರೆಯುವುದಿಲ್ಲ ಅಂತ ಹೇಳಿದ ಹೆರೊಡೊಟಸ್‌ನೇ ಇದನ್ನೂ ಬರೆದಿದ್ದಾನೆ! ಮೊದಲು ಸೇತುವೆ ಕಿತ್ತುಹೋದಾಗ ಏಷ್ಯಾ, ಯುರೋಪಿನ ನಡುವಿನ ಹೆಲೆಸ್ಪಾಂಟ್ ಜಲಸಂಧಿಗೆ ಮುನ್ನೂರು ಛಡಿಯೇಟು ಹೊಡೆಸಿದ ಇದೇ ರಾಜ, ದಾಟುವ ದಿನ ಚಿನ್ನದ ಬಟ್ಟಲಿನಿಂದ ಸಮುದ್ರಕ್ಕೆ ಅರ್ಪಿಸಿ, ಬಟ್ಟಲು, ಒಂದು ಚಿನ್ನದ ಪಾತ್ರೆ, ಒಂದು ಕತ್ತಿ ಎಲ್ಲವನ್ನೂ ನೀರಿಗೆ ಎಸೆದ. ಸೂರ್ಯನಿಗೋ ಅಥವಾ ಹೊಡೆದದ್ದಕ್ಕೆ ಪಶ್ಚಾತ್ತಾಪವೋ ಗೊತ್ತಿಲ್ಲ ಅಂತ ಹೆರೊಡೊಟಸ್ ಕೈ ಚೆಲ್ಲುತ್ತಾನೆ.

ಅಥೆನ್ಸ್ ತಲುಪಿ ಅಕ್ರೊಪೊಲಿಸ್ ಗುಡ್ಡದ ಗುಡಿಗಳನ್ನೆಲ್ಲ ಸುಟ್ಟ. ಮೂರ್ತಿಪೂಜೆಯ ದ್ವೇಷಕ್ಕೆ ಸುಟ್ಟ ಅನ್ನೋ ವಿವರಣೆ ಆಮೇಲೆ ಬಂತು. ಜಗತ್ತೆಲ್ಲ ಮನೆಯಾಗಿರುವ ದೇವರನ್ನು ಗೋಡೆಯೊಳಗೆ ಕೂಡಿಹಾಕಿದ್ದಾರೆ ಅಂತ ಮಾಗಿಗಳು ಹೇಳಿಕೊಟ್ಟರು ಅಂತ ನಾನೂರು ವರ್ಷದ ನಂತರ ರೋಮಿನ ಸಿಸೆರೋ ಬರೆದ. ಓದಲಿಕ್ಕೆ ಚೆನ್ನಾಗಿದೆ. ನನಗೆ ನಂಬಿಕೆ ಬರೋದು ಹೆರೊಡೊಟಸ್ ಕೊಡುವ ಕಾರಣದ ಮೇಲೆ: ಕ್ರಿ.ಪೂ. 498ರಲ್ಲಿ ಗ್ರೀಕರು ಪರ್ಷಿಯನ್ ಆಳ್ವಿಕೆಯ ಸಾರ್ಡಿಸ್ ಪಟ್ಟಣ ಸುಟ್ಟಾಗ ಅಲ್ಲಿನ ಸ್ಥಳೀಯ ದೇವತೆ ಸಿಬೆಬೆಯ ಗುಡಿಯೂ ಸುಟ್ಟಿತ್ತು, ಅದಕ್ಕೆ ಇದು ಸೇಡು. ಯಾಕೆಂದರೆ ಸುಟ್ಟ ಮಾರನೆಯ ದಿನವೇ ಕ್ಸರ್ಕ್ಸಸ್ ತನ್ನ ಜೊತೆಗಿದ್ದ ದೇಶಭ್ರಷ್ಟ ಅಥೆನ್ಸಿನವರನ್ನು ಕರೆದು, ಮೇಲೆ ಹೋಗಿ ನಿಮ್ಮ ಪದ್ಧತಿಯಂತೆ ಬಲಿ ಕೊಡಿ ಅಂದ. ಮೂರ್ತಿಪೂಜೆಯ ದ್ವೇಷಿ ಹಾಗೆ ಹೇಳುತ್ತಿದ್ದನಾ? ಅಲ್ಲಿನ ದೇವತೆ ಸಿಟ್ಟಾಗಿರಬಹುದು, ಅವಳಿಗೆ ಅವಳ ಭಾಷೆಯಲ್ಲೇ ಸಮಾಧಾನ ಆಗಲಿ ಅನ್ನೋ ಯೋಚನೆ ನನಗೆ ಅದರಲ್ಲಿ ಕಾಣುತ್ತದೆ. ಹತ್ತಿ ಹೋದವರಿಗೆ, ಸುಟ್ಟುಹೋಗಿದ್ದ ಅಥೆನಾಳ ಆಲಿವ್ ಮರದ ಬುಡದಲ್ಲಿ ಒಂದು ಮೊಳ ಉದ್ದದ ಚಿಗುರು ಕಂಡಿತಂತೆ.

ಎರಡು ಸಲ ಆರಿದ ಬೆಂಕಿ

ಮುಂದಿನ ವರ್ಷ, ಕ್ರಿ.ಪೂ. 479ರಲ್ಲಿ, ಪ್ಲಟೀಯಾದಲ್ಲಿ ಗ್ರೀಕರು ಗೆದ್ದರು. ಗೆದ್ದದ್ದಕ್ಕೆ ಝ್ಯೂಸ್‌ಗೆ ಬಲಿ ಕೊಡಬೇಕು, ಹೇಗೆ ಅಂತ ಡೆಲ್ಫಿಯ ಗುಡಿಯಲ್ಲಿ ದೇವವಾಣಿ ಕೇಳಿದರು. ಪೀಠ ಕಟ್ಟಿ, ಆದರೆ ಬಲಿ ಕೊಡುವ ಮೊದಲು ಈ ಸೀಮೆಯ ಬೆಂಕಿಯನ್ನೆಲ್ಲ ಆರಿಸಿ, ಪರದೇಶಿಗಳು ಅದನ್ನು ಮೈಲಿಗೆ ಮಾಡಿದ್ದಾರೆ, ಡೆಲ್ಫಿಯ ಒಲೆಯಿಂದ ಶುದ್ಧ ಬೆಂಕಿ ತನ್ನಿ ಅಂತ ಉತ್ತರ ಬಂತು. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಪ್ರಕಾರ ದಂಡನಾಯಕರು ಮನೆಮನೆಗೆ ತಿರುಗಿ ಒಲೆ ಆರಿಸಿದರು. ಯೂಕಿಡಾಸ್ ಅನ್ನೋ ಪ್ಲಟೀಯಾದವನು ಡೆಲ್ಫಿಗೆ ಓಡಿ, ಮಿಂದು, ತಲೆಗೆ ಲಾರೆಲ್ ಎಲೆಯ ಮಾಲೆ ಸುತ್ತಿಕೊಂಡು, ಪೀಠದಿಂದ ಬೆಂಕಿ ತೆಗೆದುಕೊಂಡು, ಸೂರ್ಯ ಮುಳುಗುವ ಮೊದಲೇ ವಾಪಸ್ ಬಂದ. ಒಂದೇ ದಿನದಲ್ಲಿ ಸಾವಿರ ಸ್ಟೇಡಿಯಾ, ಅಂದರೆ ಸುಮಾರು 180 ಕಿಲೋಮೀಟರ್. ಊರವರಿಗೆ ನಮಸ್ಕಾರ ಹೇಳಿ, ಬೆಂಕಿ ಕೊಟ್ಟು ಬಿದ್ದು ಸತ್ತ.

ಬೆಂಕಿಗೆ ಉಸಿರು ತಾಕಿಸಲೂ ಹೆದರುವ ಜನ ಬಂದು ನಮ್ಮ ಬೆಂಕಿ ಕೆಡಿಸಿದರು ಅಂತ, ಅದೇ ಬೆಂಕಿಯಲ್ಲಿ ಎಲುಬು ಸುಡುವ ಗ್ರೀಕರು ಹೇಳುತ್ತಾರೆ. ಕೆಟ್ಟ ಬೆಂಕಿಗೆ ಅವರ ಪರಿಹಾರವನ್ನೂ ನೋಡಿ. ಆರಿಸಿ ಬೇರೆ ತಂದುಬಿಡೋದು. ಆರ್ಗೋಸ್‌ನಲ್ಲೂ ಸಾವಾದ ಮನೆಯ ಬೆಂಕಿ ಮೈಲಿಗೆ ಅಂತ ಆರಿಸಿ, ಇನ್ನೊಬ್ಬರ ಮನೆಯಿಂದ ಬೆಂಕಿ ತರುತ್ತಿದ್ದರು ಅಂತ ಇದೇ ಪ್ಲುಟಾರ್ಕ್ ಬೇರೊಂದು ಕಡೆ ಹೇಳುತ್ತಾನೆ. ಬೆಂಕಿ ಹೋದರೆ ಇನ್ನೊಂದು ಬರುತ್ತದೆ.

ಅಲ್ಲಿಂದ ಒಂದೂವರೆ ಶತಮಾನ ಮುಂದೆ ಬನ್ನಿ. ಪರ್ಷಿಯಾ ಗೆದ್ದ ಅಲೆಕ್ಸಾಂಡರ್‌ನ ಜೀವದ ಗೆಳೆಯ ಹೆಫೆಸ್ಟಿಯನ್ ಕ್ರಿ.ಪೂ. 324ರಲ್ಲಿ ಸತ್ತ. ಅಂತ್ಯಕ್ರಿಯೆ ಮುಗಿಯುವವರೆಗೆ ಏಷ್ಯಾದ ಎಲ್ಲ ಕಡೆಯೂ ಪರ್ಷಿಯನ್ನರ ಪವಿತ್ರ ಬೆಂಕಿಯನ್ನು ಆರಿಸಿ ಅಂತ ಅಲೆಕ್ಸಾಂಡರ್ ಆಜ್ಞೆ ಮಾಡಿದ ಅಂತ ಗ್ರೀಕ್ ಇತಿಹಾಸಕಾರ ಡಿಯೋಡೊರಸ್ ಬರೆದಿದ್ದಾನೆ. ಗೆಳೆಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಅಂತ ಅವನಿಗೆ ಅನ್ನಿಸಿರಬೇಕು. ಆದರೆ ಪರ್ಷಿಯಾದಲ್ಲಿ ಆ ಬೆಂಕಿ ಆರುತ್ತಿದ್ದುದು ರಾಜ ಸತ್ತಾಗ ಮಾತ್ರ. ರಾಜ ಬದುಕಿದ್ದಾನೆ, ತನ್ನ ಕೈಯಾರೆ ಆರಿಸುತ್ತಿದ್ದಾನೆ, ಇದು ಒಳ್ಳೆಯದಕ್ಕಲ್ಲ ಅಂತ ಜನ ಮಾತಾಡಿಕೊಂಡರಂತೆ. ಇಂಥ ಅಪಶಕುನದ ಕತೆಗಳು ಆದದ್ದು ಆದಮೇಲೆ ಹುಟ್ಟುವುದೇ ಜಾಸ್ತಿ. ಕ್ರಿ.ಪೂ. 323ರ ಜೂನ್‌ನಲ್ಲಿ ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರ್ ಜ್ವರ ಬಂದು ಸತ್ತ. ಆಗ ಆ ಬೆಂಕಿಗಳನ್ನು ನಿಯಮದ ಪ್ರಕಾರ ಮತ್ತೊಮ್ಮೆ ಆರಿಸಿದರೋ ಇಲ್ಲವೋ, ಡಿಯೋಡೊರಸ್ ಹೇಳುವುದಿಲ್ಲ.